ತಲಾಠಿಯ ಚೀಲದಿಂದ ಸರ್ವರ್‌ವರೆಗೆ

'ಸರ್ವರ್ ಇಲ್ರೀ, ನಾಳೆ ಬರ್ರಿ.'

ಹುಬ್ಬಳ್ಳಿ-ಧಾರವಾಡದ ಸುತ್ತಮುತ್ತ ಯಾವುದಾದರೂ ಸರ್ಕಾರಿ ಕೌಂಟರ್ ಮುಂದೆ ಒಂದು ಗಂಟೆ ನಿಂತು ನೋಡಿ. ಈ ಮಾತು ಕಿವಿಗೆ ಬೀಳದೇ ಇದ್ದರೆ ನಿಮ್ಮ ಅದೃಷ್ಟ. ಕೆಲ ವರ್ಷಗಳ ಹಿಂದೆ ಅಜ್ಜನ ಹೊಲದ ಉತಾರ ತೆಗೆಸೋಕೆ ನಾನೂ ಹೀಗೇ ನಿಂತಿದ್ದೆ. ಮೂರನೇ ಸಲ ಹೋದಾಗ ಉತಾರ ಸಿಕ್ತು. ಕೈಗೆ ತಗೊಂಡು ನೋಡಿದರೆ ಬಸಪ್ಪ ಇದ್ದ ಅಜ್ಜ ಬಸವ್ವ ಆಗಿಬಿಟ್ಟಿದ್ದ! ಮನೆಯ ಟ್ರಂಕಿನಲ್ಲಿದ್ದ ಕೈಬರಹದ ಹಳೇ ಉತಾರದಲ್ಲಿ ಹೆಸರು ಸರಿಯಾಗೇ ಇತ್ತು. ಕೌಂಟರಿನಲ್ಲಿದ್ದ ಹುಡುಗ ನಗಲಿಲ್ಲ, ಬೈಯಲಿಲ್ಲ. 'ಸಿಸ್ಟಮ್‌ನ್ಯಾಗ ಹಂಗ ಐತ್ರಿ' ಅಂದ. ಅಷ್ಟೇ.

ನಾನು ಇಂಜಿನಿಯರಿಂಗ್ ಓದಿದವನು. ಡೇಟಾಬೇಸ್ ಅಂದ್ರೆ ಏನು ಅಂತ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೇನೆ. ಅದಕ್ಕೆ ಸತ್ಯ ಗೊತ್ತಿರಲ್ಲ, ತುಂಬಿದ್ದು ಮಾತ್ರ ಗೊತ್ತಿರುತ್ತೆ. ಆವತ್ತು ಮನೆಗೆ ವಾಪಸ್ ಬರುವಾಗ ಒಂದು ಪ್ರಶ್ನೆ ಹುಟ್ಟಿತು. ಈ ಕಾಗದಕ್ಕೆ ಇಷ್ಟು ಶಕ್ತಿ ಬಂದದ್ದು ಯಾವಾಗ? ಅದು ಕಂಪ್ಯೂಟರಿನೊಳಗೆ ಹೋದದ್ದು ಹೇಗೆ?

ಕಥೆ ಶುರುವಾಗೋದು ಕಬ್ಬಿಣದ ಸರಪಳಿಯಿಂದ. ನಮ್ಮ ಧಾರವಾಡ ಸೀಮೆ 1956ರ ನವೆಂಬರ್ 1ರವರೆಗೂ ಮುಂಬೈ ಆಡಳಿತದಲ್ಲಿತ್ತು. ಮೈಸೂರಿನವರು ಪಹಣಿ ಅನ್ನೋದನ್ನ ನಾವು ಇವತ್ತಿಗೂ ಉತಾರ ಅನ್ನೋದು ಅದಕ್ಕೇ. ಗ್ರಾಮ ಲೆಕ್ಕಿಗನನ್ನ ತಲಾಠಿ ಅನ್ನೋದೂ ಅದಕ್ಕೇ. 1847ರಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಎಂಬ ಅಧಿಕಾರಿಗಳು ಕೊಟ್ಟ ಜಂಟಿ ವರದಿ ಮುಂಬೈ ಪ್ರಾಂತ್ಯದ ಜಮೀನು ಮೋಜಣಿಗೆ ನಿಯಮ ಹಾಕಿಕೊಟ್ಟಿತು. 33 ಅಡಿ ಉದ್ದದ ಸರಪಳಿ ಹಿಡಿದು ಅಳೆದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. 40 ಗುಂಟೆ ಸೇರಿದರೆ ಒಂದು ಎಕರೆ. ಪ್ರತಿ ಹೊಲಕ್ಕೂ ಒಂದು ಸರ್ವೆ ನಂಬರ್.

ಆದರೆ ಗಮನಿಸಿ, ಆ ಲೆಕ್ಕ ಮಾಡಿದ್ದು ರೈತನಿಗೋಸ್ಕರ ಅಲ್ಲ, ಕಂದಾಯಕ್ಕೋಸ್ಕರ. ಈ ಹೊಲಕ್ಕೆ ದುಡ್ಡು ಕಟ್ಟೋನು ಯಾರು ಅನ್ನೋದಷ್ಟೇ ಸರ್ಕಾರಕ್ಕೆ ಬೇಕಿತ್ತು. ಹೊಲದ ಮೇಲೆ ಯಾರಿಗೆ ಏನು ಹಕ್ಕು ಅಂತ ಬರೆದಿಡೋಕೆ ಮುಂಬೈ ಸರ್ಕಾರ ಪ್ರತ್ಯೇಕ ಕಾನೂನು ಮಾಡಿದ್ದು 1903ರಲ್ಲಿ. ಏಕೀಕರಣದ ನಂತರ ಮುಂಬೈ, ಹೈದರಾಬಾದ್, ಮದರಾಸು, ಕೊಡಗು, ಮೈಸೂರು ಹೀಗೆ ಐದು ಕಡೆಯ ಕಂದಾಯ ಪದ್ಧತಿಗಳನ್ನ 1964ರ ಭೂಕಂದಾಯ ಕಾಯ್ದೆ ಒಂದೇ ಸೂರಿನಡಿ ತಂದಿತು. ಅದರ 133ನೇ ಕಲಂ ಏನು ಹೇಳುತ್ತೆ ಗೊತ್ತಾ? ದಾಖಲೆಯಲ್ಲಿ ಇರೋದೇ ನಿಜ, ಸುಳ್ಳು ಅಂತ ಸಾಬೀತಾಗುವ ತನಕ. ಅಂದ್ರೆ ನನ್ನ ಅಜ್ಜ ಬಸವ್ವ ಅಲ್ಲ ಅಂತ ಸಾಬೀತು ಮಾಡೋ ಹೊಣೆ ನಮ್ಮದು!

ಈ ಸಾಲುಗಳಿಗೆ ಎಷ್ಟು ತೂಕ ಇತ್ತು ಅನ್ನೋದು ಗೊತ್ತಾಗಿದ್ದು 1974ರಲ್ಲಿ. ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಆ ವರ್ಷ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿ ಮಾಡುತ್ತಿದ್ದವನು ಫಾರಂ ನಂಬರ್ 7 ತುಂಬಿ ಭೂನ್ಯಾಯ ಮಂಡಳಿಗೆ ಕೊಡಬೇಕಿತ್ತು. ಉತಾರದ ಸಾಗುವಳಿದಾರನ ಕಲಮಿನಲ್ಲಿ ಅವನ ಹೆಸರಿದ್ದರೆ ಕೈಯಲ್ಲಿ ಗಟ್ಟಿ ಸಾಕ್ಷಿ. ಇಲ್ಲದಿದ್ದರೆ ತಲೆಮಾರುಗಳಿಂದ ಉತ್ತಿದ್ದರೂ ಪರದಾಟ. ಆ ಕಲಂ ತುಂಬುತ್ತಿದ್ದ ಪೆನ್ನು ಯಾರ ಕೈಯಲ್ಲಿತ್ತು? ತಲಾಠಿ ಕೈಯಲ್ಲಿ. ದಾಖಲೆ ಎಲ್ಲಿರ್ತಿತ್ತು? ಅವನ ಚೀಲದಲ್ಲಿ. ಅವನನ್ನ ಎದುರು ಹಾಕಿಕೊಳ್ಳೋ ಧೈರ್ಯ ಯಾರಿಗಿತ್ತು?

ಆ ಚೀಲಕ್ಕೆ ಕೈ ಹಾಕುವ ಪ್ರಯತ್ನ 1991ರಲ್ಲಿ ಕಲಬುರಗಿಯಲ್ಲಿ ನಡೆಯಿತು. ಕೇಂದ್ರದ ನೆರವಿನಿಂದ ದಾಖಲೆಗಳನ್ನ ಕಂಪ್ಯೂಟರಿಗೆ ಹಾಕುವ ಪ್ರಾಯೋಗಿಕ ಯೋಜನೆ. ಅದು ಕೈಗೂಡಲಿಲ್ಲ. ಯಂತ್ರ ಕೆಟ್ಟಿದ್ದಕ್ಕಲ್ಲ. ಒಂದು ಕಡೆ ಟೈಪ್ ಮಾಡುತ್ತಿದ್ದರು, ಇನ್ನೊಂದು ಕಡೆ ಕೈಬರಹದ ಪುಸ್ತಕವೂ ಚಾಲ್ತಿಯಲ್ಲಿತ್ತು. ಈ ಕಡೆ ಎಂಟ್ರಿ ಮುಗಿಯೋದರೊಳಗೆ ಆ ಕಡೆ ಹೊಲ ಮಾರಾಟ ಆಗಿರ್ತಿತ್ತು, ಪಾಲಾಗಿರ್ತಿತ್ತು. ಕಂಪ್ಯೂಟರಿನಲ್ಲಿದ್ದದ್ದು ಹಳಸಿದ ಮಾಹಿತಿ.

ಆ ಪಾಠದಿಂದ ಹುಟ್ಟಿದ್ದು 'ಭೂಮಿ'. ಎಸ್.ಎಂ. ಕೃಷ್ಣ ಮುಖ್ಯಮಂತ್ರಿ. ಯೋಜನೆಯ ನೇತೃತ್ವ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರದ್ದು. ತಂತ್ರಾಂಶ ಮಾಡಿದ್ದು ಎನ್ಐಸಿ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು, 9 ಸಾವಿರದಷ್ಟು ಗ್ರಾಮ ಲೆಕ್ಕಿಗರ ಕೈಯಲ್ಲಿದ್ದವು, ತಾಲೂಕು ಕಚೇರಿಯ ಕಂಪ್ಯೂಟರಿಗೆ ಬಂದವು. 15 ರೂಪಾಯಿ ಕೊಟ್ಟರೆ ಪ್ರಿಂಟ್. ಖಾತೆ ಬದಲಾವಣೆಗೆ ಅರ್ಜಿ ಕೊಟ್ಟರೆ ನಂಬರ್. ಮೊದಲು ಬಂದವನ ಕೆಲಸ ಮೊದಲು, ನಡುವೆ ನುಗ್ಗೋ ಹಾಗಿಲ್ಲ. ಅಧಿಕಾರಿ ಬೆರಳಚ್ಚು ಕೊಡದೆ ಲಾಗಿನ್ ಇಲ್ಲ, ಹಾಗಾಗಿ 'ನಾ ಮಾಡಿಲ್ರೀ' ಅನ್ನೋಕೂ ಆಗಲ್ಲ.

ಆದರೆ ನನ್ನ ಪ್ರಕಾರ 'ಭೂಮಿ'ಯ ಅತಿ ದೊಡ್ಡ ತಂತ್ರಜ್ಞಾನ ಕಂಪ್ಯೂಟರ್ ಅಲ್ಲವೇ ಅಲ್ಲ. ಒಂದು ಸರ್ಕಾರಿ ಅಧಿಸೂಚನೆ. ಕಂಪ್ಯೂಟರ್ ವ್ಯವಸ್ಥೆ ಬಂದ ತಾಲೂಕಿನಲ್ಲಿ ಇನ್ನು ಮುಂದೆ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಅಂತ ಸಾರಿದರಲ್ಲ, ಕಲಬುರಗಿಯಲ್ಲಿ ಆಗದೇ ಉಳಿದದ್ದು ಆ ಒಂದು ಕೆಲಸ. ಯಂತ್ರ ಖರೀದಿ ಮಾಡೋಕೆ ಯಾವ ಸರ್ಕಾರಕ್ಕೂ ಬರುತ್ತೆ. ಹಳೇ ದಾರಿಯನ್ನ ಮುಚ್ಚೋಕೆ ಎದೆಗಾರಿಕೆ ಬೇಕು.

ಹಾಗಾದ್ರೆ ಎಲ್ಲ ಸರಿ ಹೋಯ್ತಾ? ಇಲ್ಲ. 2007ರಲ್ಲೇ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 'ಭೂಮಿ'ಯನ್ನ ಅಧ್ಯಯನ ಮಾಡಿ ಕಟುವಾಗಿ ಟೀಕಿಸಿದರು. ದಾಖಲೆ ಒಂದೇ ಕಡೆ ಸೇರಿದಾಗ ಅನುಕೂಲ ಆಗಿದ್ದು ಸಣ್ಣ ರೈತನಿಗಿಂತ ದೊಡ್ಡ ಪ್ರಮಾಣದಲ್ಲಿ ಜಮೀನು ಹುಡುಕುವವರಿಗೆ, ಲಂಚದ ಕುರ್ಚಿ ಹಳ್ಳಿಯಿಂದ ತಾಲೂಕಿಗೆ ಸರಿಯಿತು ಅನ್ನೋದು ಅವರ ವಾದ. ಪೂರ್ತಿ ಒಪ್ಪದಿದ್ದರೂ ಪೂರ್ತಿ ತಳ್ಳಿಹಾಕೋಕೆ ನನಗೆ ಆಗಲ್ಲ. ತಲಾಠಿ ತಪ್ಪು ಬರೆದರೆ ಅವನ ಮನೆ ಕಟ್ಟೆ ಮೇಲೆ ಕೂತು ಜಗಳ ಆಡಬಹುದಿತ್ತು. ಸರ್ವರ್ ಮನೆ ಎಲ್ಲಿದೆ?

2012ರ ಏಪ್ರಿಲ್ 2ರಂದು ರಾಜ್ಯಾದ್ಯಂತ ಬಂದ 'ಸಕಾಲ' ಇದಕ್ಕೆ ಒಂದು ಉತ್ತರ ಆಗಿತ್ತು. ಇಂತಿಷ್ಟು ದಿನದಲ್ಲಿ ಕೆಲಸ ಆಗಲೇಬೇಕು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ. ಮೊತ್ತ ಸಣ್ಣದು. ಆದರೆ ನಾಗರಿಕನ ಸಮಯಕ್ಕೂ ಬೆಲೆ ಇದೆ ಅಂತ ಕಾನೂನೇ ಒಪ್ಪಿಕೊಂಡಿತಲ್ಲ, ಅದು ದೊಡ್ಡದು.

ಇವತ್ತು ಎಲ್ಲಿದ್ದೇವೆ? 2024ರ ಸೆಪ್ಟೆಂಬರ್‌ನಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು, ಅಂದ್ರೆ ನಮ್ಮ ಹಳೇ ತಲಾಠಿಗಳ ವಾರಸುದಾರರು, ರಾಜ್ಯಾದ್ಯಂತ ಮುಷ್ಕರಕ್ಕೆ ಕೂತರು. ಅವರ ದೂರು ಏನು? ಆಪ್ ಮೇಲೆ ಆಪ್ ಕೊಡ್ತೀರಿ, ಸರಿಯಾದ ಮೊಬೈಲ್, ಲ್ಯಾಪ್‌ಟಾಪ್, ಇಂಟರ್ನೆಟ್ ಕೊಡಲ್ಲ. ಮುಂದೆ ನಾಲ್ಕೇ ತಿಂಗಳಿಗೆ, 2025ರ ಜನವರಿಯಲ್ಲಿ ನೋಂದಣಿ ಇಲಾಖೆಯ 'ಕಾವೇರಿ 2.0' ಮೇಲೆ ಸೈಬರ್ ದಾಳಿ. ಸುಳ್ಳು ಕೋರಿಕೆಗಳ ಪ್ರವಾಹ ನುಗ್ಗಿಸಿ ವ್ಯವಸ್ಥೆಯನ್ನ ಉಸಿರುಗಟ್ಟಿಸಿದರು. ಮನೆ, ನಿವೇಶನ ನೋಂದಣಿಗೆ ಬಂದವರು ಕಚೇರಿಗಳಲ್ಲಿ ಕಾದು ಕೂತರು. ಒಂದು ಚೀಲ ಕಳೆದರೆ ಹಿಂದೆ ಒಂದು ಊರು ಕಂಗಾಲಾಗ್ತಿತ್ತು. ಈಗ ಒಂದು ಸರ್ವರ್ ಮಲಗಿದರೆ ಇಡೀ ರಾಜ್ಯ.

ನಾನು ಕಂಪ್ಯೂಟರ್ ಬೇಡ ಅನ್ನೋನಲ್ಲ. ಚೀಲದ ಕಾಲಕ್ಕೆ ವಾಪಸ್ ಹೋಗಿ ಅನ್ನೋರಿಗೆ ಆ ಚೀಲದ ಮುಂದೆ ಕೈಕಟ್ಟಿ ನಿಂತವರ ನೆನಪಿಲ್ಲ. ನಾನು ಕೇಳೋದು ಎರಡೇ. ಒಂದು, ಕಂಪ್ಯೂಟರಿಗೆ ಹಾಕುವಾಗ ಆದ ತಪ್ಪನ್ನ ಸರ್ಕಾರವೇ ಮೂಲ ದಾಖಲೆ ನೋಡಿ ತಿದ್ದಲಿ. ರೈತ ಅಫಿಡವಿಟ್ ಹಿಡಿದು ಯಾಕೆ ಅಲೀಬೇಕು? ಎರಡು, ಸರ್ವರ್ ಇಲ್ಲದ ದಿನ ಬಂದವನ ಕೈಗೆ ದಿನಾಂಕ, ಸಮಯ ಇರುವ ಒಂದು ಚೀಟಿ ಕೊಡಿ. ಆ ದಿನವೂ 'ಸಕಾಲ'ದ ಲೆಕ್ಕಕ್ಕೆ ಬರಲಿ. ಸರ್ವರ್ ಎಷ್ಟು ದಿನ ಇರಲಿಲ್ಲ ಅನ್ನೋದು ಆಗ ಸರ್ಕಾರಕ್ಕೂ ಗೊತ್ತಾಗುತ್ತೆ.

ನಮ್ಮ ಅಜ್ಜನ ಹೆಸರು ಕೊನೆಗೂ ಸರಿ ಹೋಯ್ತು. ಕಂಪ್ಯೂಟರ್ ತಪ್ಪು ಅಂತ ಸಾಬೀತು ಮಾಡಿದ್ದು ಟ್ರಂಕಿನಲ್ಲಿದ್ದ ಆ ಹಳದಿ ಕಾಗದ, ಊರ ತಲಾಠಿ ಶಾಯಿಯಲ್ಲಿ ಬರೆದದ್ದು. ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದ್ದರೆ ಜೋಪಾನ ಮಾಡ್ರಿ.