ಮನೆ ಸಂಗೀತ ಸ್ಟ್ರೀಮಿಂಗ್: ಸಾಧನಗಳ ಪ್ರಮಾಣೀಕರಣ ಮತ್ತು ಹೊಂದಾಣಿಕೆ

ಅಂತರಜಾಲದಿಂದಲೋ ಮನೆಯ ಕಂಪ್ಯೂಟರಿನಿಂದಲೋ ಬರುವ ಹಾಡನ್ನು ಬೇರೆ ಬೇರೆ ತಯಾರಕರ ಸ್ಪೀಕರ್, ಆ್ಯಂಪ್ಲಿಫೈಯರ್, ಸ್ಟ್ರೀಮರ್‌ಗಳು ತೊಡಕಿಲ್ಲದೆ ನುಡಿಸುವಂತೆ ನೋಡಿಕೊಳ್ಳುವ ಪರೀಕ್ಷೆ ಹಾಗೂ ಒಪ್ಪಂದಗಳ ವ್ಯವಸ್ಥೆ. ಪೆಟ್ಟಿಗೆಯ ಮೇಲೆ ಅಚ್ಚಾಗುವ ಮುದ್ರೆಗಳೆಲ್ಲ ಒಂದೇ ಬಗೆಯವಲ್ಲ. ಸಾಧನ ಶಾಕ್ ಹೊಡೆಯದು, ಅದರ ರೇಡಿಯೊ ಅಲೆ ಮಿತಿ ಮೀರದು ಎಂಬುದಕ್ಕೆ ಸರ್ಕಾರದ ಮುದ್ರೆ. ಇದು ಅದರೊಂದಿಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಕಂಪನಿಗಳ ಮುದ್ರೆ. ಮೂರನೆಯದು ಕಣ್ಣಿಗೆ ಬೀಳುವುದಿಲ್ಲ: ಕಾರ್ಖಾನೆಯಲ್ಲೇ ಸಾಧನದೊಳಗೆ ಸೇರಿಸಿಡುವ ಡಿಜಿಟಲ್ ಸರ್ಟಿಫಿಕೇಟ್. ಕೊಂಡ ಸಾಧನ ಎಷ್ಟು ವರ್ಷ ಹಾಡುತ್ತದೆ ಎಂಬುದು ಹಲವು ಸಲ ಈ ಮೂರನೆಯದರ ಕೈಯಲ್ಲಿದೆ. ಅಂಗಡಿಯಲ್ಲಿ ಯಾರೂ ಇದರ ಮಾತೆತ್ತುವುದಿಲ್ಲ ಎಂಬುದೇ ಈ ವ್ಯವಸ್ಥೆಯ ದೊಡ್ಡ ಕೊರತೆ.

ಹೊಂದಾಣಿಕೆಯ ತೊಡಕು ಸ್ಟ್ರೀಮಿಂಗ್‌ಗಿಂತ ಬಹಳ ಹಳೆಯದು. ಭಾರತದಲ್ಲಿ ಅದರ ಮೊದಲ ಅಖಾಡ ಕಲ್ಕತ್ತ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಅಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡ. ಕೆಲವೇ ವರ್ಷಗಳಲ್ಲಿ, ಕುಂತಲೀನ್ ತಲೆಗೂದಲೆಣ್ಣೆಯಿಂದ ಹೆಸರಾಗಿದ್ದ ಹೇಮೇಂದ್ರ ಮೋಹನ್ ಬೋಸ್ ಸ್ವದೇಶಿ ಧ್ವನಿಮುದ್ರಣಕ್ಕೆ ಇಳಿದರು. ರವೀಂದ್ರನಾಥ ಠಾಕೂರರ ದನಿಯನ್ನೂ ಅವರು ಮೇಣದ ಸಿಲಿಂಡರುಗಳಲ್ಲಿ ಹಿಡಿದಿದ್ದರು. ಮುಂದೆ ಆ ಮುದ್ರಣಗಳಲ್ಲಿ ಕೆಲವನ್ನು ಫ್ರಾನ್ಸಿನ ಪಾಥೆ ಕಂಪನಿಯ ಮೂಲಕ ಪ್ಲೇಟುಗಳಾಗಿಸಿದರು. ತೊಡಕು ಹುಟ್ಟಿದ್ದು ಇಲ್ಲಿ. ಗ್ರಾಮಫೋನ್ ಕಂಪನಿಯ ಪ್ಲೇಟಿನಲ್ಲಿ ಗೀರು ಎಡಬಲಕ್ಕೆ ಓಲಾಡುತ್ತಿತ್ತು, ಉಕ್ಕಿನ ಮುಳ್ಳು ಹೊರ ಅಂಚಿನಿಂದ ಒಳಕ್ಕೆ ಸಾಗುತ್ತಿತ್ತು. ಪಾಥೆ ಪ್ಲೇಟಿನಲ್ಲಿ ಗೀರು ಮೇಲೆ ಕೆಳಗೆ ಏರಿಳಿಯುತ್ತಿತ್ತು. ಅದಕ್ಕೆ ನೀಲಮಣಿಯ ಗುಂಡು ತುದಿ ಬೇಕು, ಒಳಗಿನಿಂದ ಹೊರಕ್ಕೆ ನುಡಿಸಬೇಕು, ವೇಗವೂ ನಿಮಿಷಕ್ಕೆ 90 ಸುತ್ತಿನ ಆಸುಪಾಸು. ಒಂದರ ಯಂತ್ರದಲ್ಲಿ ಇನ್ನೊಂದರ ಪ್ಲೇಟನ್ನಿಟ್ಟರೆ ಹಾಡು ಹೊರಡುತ್ತಿರಲಿಲ್ಲ. 78 ಸುತ್ತಿನ ವೇಗ ಎಲ್ಲರಿಗೂ ಸಾಮಾನ್ಯವಾದದ್ದು 1925ರ ಸುಮಾರಿಗೆ. ಯಾವ ಪ್ಲೇಟನ್ನು ಯಾವ ಪೆಟ್ಟಿಗೆಯಲ್ಲಿಟ್ಟರೂ ಹಾಡು ಕೇಳುವ ಸೌಲಭ್ಯ ಜನರಿಗೆ ದಕ್ಕಿದ್ದು ಹೀಗೆ, ಕಾಲು ಶತಮಾನದ ಎಳೆದಾಟದ ನಂತರ.

ಇಂದು ಭಾರತದಲ್ಲಿ ಕಾನೂನಿನ ಮುದ್ರೆಗಳು ಮುಖ್ಯವಾಗಿ ಎರಡು. 2012ರ ಕಡ್ಡಾಯ ನೋಂದಣಿ ಆದೇಶದಿಂದೀಚೆಗೆ 200 ವ್ಯಾಟ್ ಮತ್ತು ಅದಕ್ಕೂ ಹೆಚ್ಚಿನ ಇನ್‌ಪುಟ್ ಶಕ್ತಿಯ ಎಲೆಕ್ಟ್ರಾನಿಕ್ ಮ್ಯೂಸಿಕ್ ಸಿಸ್ಟಂಗಳು ಭಾರತೀಯ ಮಾನಕ ಬ್ಯೂರೋದಲ್ಲಿ ನೋಂದಣಿಯಾಗಬೇಕು. ಬ್ಲೂಟೂತ್ ಸ್ಪೀಕರ್, ಸ್ಮಾರ್ಟ್ ಸ್ಪೀಕರ್‌ಗಳು ಆಮೇಲೆ ಪಟ್ಟಿಗೆ ಸೇರಿದವು. ವೈಫೈ, ಬ್ಲೂಟೂತ್ ಇರುವ ಸಾಧನಕ್ಕೆ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗದ ಅನುಮೋದನೆಯೂ ಬೇಕು. ಇವೆರಡೂ ಸುರಕ್ಷತೆ ಮತ್ತು ರೇಡಿಯೊ ಶಿಸ್ತನ್ನು ನೋಡುತ್ತವೆಯೇ ಹೊರತು ನಿಮ್ಮ ಆ್ಯಪ್‌ಗೂ ಸ್ಪೀಕರಿಗೂ ಹೊಂದುತ್ತದೆಯೇ ಎಂದು ನೋಡುವುದಿಲ್ಲ.

ಆ ಕೆಲಸ ಉದ್ಯಮದ್ದು. 2003ರಲ್ಲಿ ಹುಟ್ಟಿದ ಡಿಎಲ್‌ಎನ್‌ಎ ಒಕ್ಕೂಟ ಎಲ್ಲ ತಯಾರಕರ ಸಾಧನಗಳನ್ನೂ ಒಂದೇ ಭಾಷೆಯಡಿ ತರಲು ಹೊರಟು 2017ರಲ್ಲಿ ವಿಸರ್ಜನೆಯಾಯಿತು. ಅದರ ತಳಹದಿಯಾದ ಯುಪಿಎನ್‌ಪಿ ನಿಯಮಗಳು ಈಗಲೂ ಬಳಕೆಯಲ್ಲಿವೆ. ಅವುಗಳ ಒಂದು ಸಡಿಲತೆ ನಮ್ಮ ಸಂಗೀತಕ್ಕೆ ನೇರವಾಗಿ ತಟ್ಟುತ್ತದೆ. ಈಗಿನ ಟ್ರ್ಯಾಕ್ ಮುಗಿಯುವ ಮೊದಲೇ ಮುಂದಿನದನ್ನು ಸಾಧನಕ್ಕೆ ತಿಳಿಸುವ ಆದೇಶವನ್ನು ಯುಪಿಎನ್‌ಪಿ ಕಡ್ಡಾಯ ಮಾಡಿಲ್ಲ, ತಯಾರಕರ ಇಚ್ಛೆಗೆ ಬಿಟ್ಟಿದೆ. ಅದನ್ನು ಅಳವಡಿಸದ ಸಾಧನದಲ್ಲಿ ಎರಡು ಟ್ರ್ಯಾಕ್‌ಗಳ ನಡುವೆ ಮೌನ ಬೀಳುತ್ತದೆ. ಮೂರು ನಿಮಿಷದ ಸಿನಿಮಾ ಹಾಡಿಗೆ ಇದು ಲೆಕ್ಕಕ್ಕಿಲ್ಲ. ಹಿಂದೂಸ್ತಾನಿ ಕಛೇರಿಯ ಮುದ್ರಣದಲ್ಲಿ ನಿಧಾನಗತಿಯ ವಿಲಂಬಿತ್ ಮುಗಿದು ವೇಗದ ದ್ರುತ್ ಎತ್ತಿಕೊಳ್ಳುವ ಕ್ಷಣದಲ್ಲೇ ಟ್ರ್ಯಾಕ್ ಬದಲಾದರೆ ತಬಲಾದ ಸಮ್, ಅಂದರೆ ತಾಳದ ಆವರ್ತದ ಮೊದಲ ಪೆಟ್ಟು, ಕಳಚಿಹೋಗುತ್ತದೆ. ಇದನ್ನು ಸಣ್ಣ ದೋಷವೆಂದು ತಳ್ಳಿಹಾಕಲಾಗದು.

ಬಿಗಿಯಾದ ಪ್ರಮಾಣೀಕರಣಕ್ಕೆ ಉದಾಹರಣೆ 2015ರಲ್ಲಿ ಶುರುವಾದ ರೂನ್ ಎಂಬ ಸಂಗೀತ ಸಾಫ್ಟ್‌ವೇರ್. ಅದರ ‘ರೂನ್ ರೆಡಿ’ ಮುದ್ರೆ ಬೇಕೆಂದರೆ ತಯಾರಕರು ರೂನ್‌ನ ಸ್ವಂತ ರವಾನೆ ವಿಧಾನವನ್ನು ಅಳವಡಿಸಿ, ಸಾಧನವನ್ನು ಆ ಕಂಪನಿಯ ಪರೀಕ್ಷೆಗೆ ಒಪ್ಪಿಸಬೇಕು. ಈ ವಿಧಾನದಲ್ಲಿ ಹಾಡಿನ ಗತಿಯನ್ನು ನಿರ್ಧರಿಸುವುದು ನುಡಿಸುವ ಸಾಧನದ ಗಡಿಯಾರ, ಕಳಿಸುವ ಕಂಪ್ಯೂಟರಿನದಲ್ಲ. ಪರೀಕ್ಷೆ ಮುಗಿಯುವ ಮುನ್ನವೇ ಮಾರುಕಟ್ಟೆಗೆ ಬಂದಿದ್ದ ಸಾಧನಗಳನ್ನು ರೂನ್ 2020ರ ಸೆಪ್ಟೆಂಬರಿನಲ್ಲಿ ತಡೆಹಿಡಿಯಿತು. ಗುಣಮಟ್ಟ ಕಾಯಲು ಅದು ಬೇಕಿತ್ತು ಎನ್ನಬಹುದು. ಆದರೆ ದಂಡ ತೆತ್ತವರು ತಯಾರಕರ ಮಾತು ನಂಬಿ ಹಣ ಕೊಟ್ಟ ಕೇಳುಗರು.

ಪರೀಕ್ಷಾಲಯದಲ್ಲಿ ಗೆದ್ದ ಸಾಧನ ಮನೆಯಲ್ಲಿ ಸೋಲುವುದೂ ಉಂಟು. ದಕ್ಷಿಣ ಕೋಲ್ಕತ್ತದ ಸದರ್ನ್ ಅವೆನ್ಯೂವನ್ನೇ ತೆಗೆದುಕೊಳ್ಳಬಹುದು. ಈ ರಸ್ತೆಯುದ್ದಕ್ಕೂ ದಪ್ಪ ಇಟ್ಟಿಗೆ ಗೋಡೆಯ ಹಳೆಯ ಮನೆಗಳೂ ಬಹುಮಹಡಿ ಫ್ಲ್ಯಾಟುಗಳೂ ಬೆರೆತಿವೆ. ಅಂಥ ಗೋಡೆ 5 ಗಿಗಾಹರ್ಟ್ಸ್ ವೈಫೈಯನ್ನು ಬಲವಾಗಿ ಕುಗ್ಗಿಸುತ್ತದೆ. 2.4 ಗಿಗಾಹರ್ಟ್ಸ್ ಗೋಡೆ ದಾಟುತ್ತದೆ, ಆದರೆ ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ, 1, 6 ಮತ್ತು 11. ಫ್ಲ್ಯಾಟುಗಳಲ್ಲಿ ಅಕ್ಕಪಕ್ಕದ ರೂಟರುಗಳೆಲ್ಲ ಅವನ್ನೇ ಹಂಚಿಕೊಳ್ಳಬೇಕು. ಈ ಇಕ್ಕಟ್ಟಿನಲ್ಲಿ ಹಾಡಿನ ಗಾತ್ರವೂ ಲೆಕ್ಕಕ್ಕೆ ಬರುತ್ತದೆ: ಸಿಡಿ ಗುಣಮಟ್ಟದ ಹಾಡಿಗೆ ಸೆಕೆಂಡಿಗೆ 1,411 ಕಿಲೋಬಿಟ್ ಸಾಕು, 24 ಬಿಟ್ 192 ಕಿಲೋಹರ್ಟ್ಸ್ ಕಡತಕ್ಕೆ ಸಂಕುಚನವಿಲ್ಲದಿದ್ದರೆ 9,216 ಬೇಕು. ಸ್ಪೀಕರ್ ಫೋನಿನಲ್ಲಿ ಕಾಣಿಸುತ್ತಿಲ್ಲ ಎಂಬ ದೂರಿಗೆ ಕಾರಣ ಎಷ್ಟೋ ಸಲ ಫೋನು ಗೆಸ್ಟ್ ನೆಟ್‌ವರ್ಕಿನಲ್ಲಿರುವುದು. ಸಾಧನಗಳು ಒಂದನ್ನೊಂದು ಹುಡುಕುವ ಕರೆ ಆ ಗಡಿ ದಾಟುವುದಿಲ್ಲ. ಒಂದೇ ಜಾಗದಲ್ಲಿ ನಿಲ್ಲುವ ಸ್ಟ್ರೀಮರಿಗೆ ಲ್ಯಾನ್ ಕೇಬಲ್ ಎಳೆಯುವುದು ಇಂದಿಗೂ ನಂಬಿಕೆಯ ಪರಿಹಾರ.

ಕಣ್ಣಿಗೆ ಬೀಳದ ಸರ್ಟಿಫಿಕೇಟಿನ ಪರಿಣಾಮ ಜಗತ್ತಿಗೆ ಗೊತ್ತಾದದ್ದು 2025ರ ಮಾರ್ಚ್ 9ರಂದು. ಗೂಗಲ್‌ನ ಎರಡನೇ ಪೀಳಿಗೆಯ ಕ್ರೋಮ್‌ಕಾಸ್ಟ್ ಎಂಬ ಸ್ಟ್ರೀಮಿಂಗ್ ಸಾಧನ ಮತ್ತು ಹಳೆಯ ಆ್ಯಂಪ್ಲಿಫೈಯರುಗಳಿಗೆ ಜೋಡಿಸಲೆಂದೇ 2015ರಲ್ಲಿ ಬಂದಿದ್ದ ಕ್ರೋಮ್‌ಕಾಸ್ಟ್ ಆಡಿಯೊ ಅಂದು ಹಾಡು ತೆಗೆದುಕೊಳ್ಳುವುದನ್ನು ನಿಲ್ಲಿಸಿದವು. ಸಾಧನ ಅಸಲಿ ಎಂದು ಸಾರುವ ಸರಪಣಿಯಲ್ಲಿದ್ದ ಹತ್ತು ವರ್ಷದ ಸರ್ಟಿಫಿಕೇಟಿನ ಅವಧಿ ಮುಗಿದಿತ್ತು. ಯಂತ್ರದಲ್ಲಿ ಯಾವ ಕೆಡುಕೂ ಇರಲಿಲ್ಲ. ಕೆಲವು ದಿನಗಳಲ್ಲಿ ಕಂಪನಿ ಸರಿಪಡಿಸುವ ಸಾಫ್ಟ್‌ವೇರ್ ಕಳಿಸಿತು. ಕಂಪನಿ ಬದುಕಿತ್ತು, ಮನಸ್ಸೂ ಮಾಡಿತು. ಹಾಗಾಗಿ ಸಾಧನಗಳು ಉಳಿದವು.

ಹಾಡನ್ನು ಪೆಟ್ಟಿಗೆಯೊಳಗೇ ತುಂಬಿಡುವುದು ಕಂಪನಿಯ ಮೇಲಿನ ಈ ಅವಲಂಬನೆಗೆ ಒಂದು ಹೊರದಾರಿ. ಗ್ರಾಮಫೋನ್ ಕಂಪನಿಯ ಇಂದಿನ ರೂಪವಾದ, ಕೋಲ್ಕತ್ತದ ದಮ್‌ದಮ್‌ನಲ್ಲಿ ನೋಂದಾಯಿತ ಕಚೇರಿಯಿರುವ ಸರೆಗಮ 2017ರಲ್ಲಿ 5,000 ಹಾಡುಗಳ ಕಾರವಾನ್ ಎಂಬ ಪ್ಲೇಯರ್ ತಂದದ್ದು ಹಾಗೆ. ಇನ್ನೊಂದು ದಾರಿ ನಿಯಮಗಳನ್ನು ಬಹಿರಂಗವಾಗಿಡುವುದು. ಲಾಜಿಟೆಕ್ ಕಂಪನಿ ಸ್ಕ್ವೀಜ್‌ಬಾಕ್ಸ್ ಎಂಬ ಸ್ಟ್ರೀಮರ್‌ಗಳ ತಯಾರಿಕೆಯನ್ನು 2012ರಲ್ಲಿ ಕೈಬಿಟ್ಟಿತು, ಅದರ ಅಂತರಜಾಲ ಸೇವೆಯನ್ನು 2024ರಲ್ಲಿ ಮುಚ್ಚಿತು. ಆದರೆ ಸರ್ವರ್ ಸಾಫ್ಟ್‌ವೇರ್ ಮುಕ್ತವಾಗಿದ್ದುದರಿಂದ ಬಳಕೆದಾರರೇ ಅದನ್ನು ಲೈರಿಯನ್ ಎಂಬ ಹೆಸರಿನಲ್ಲಿ ಮುಂದುವರಿಸುತ್ತಿದ್ದಾರೆ. ಹಳೆಯ ಸ್ಕ್ವೀಜ್‌ಬಾಕ್ಸ್‌ಗಳಿಗೂ, ರಾಸ್‌ಬೆರಿ ಪೈಯಂಥ ಅಗ್ಗದ ಕಂಪ್ಯೂಟರುಗಳಿಗೂ ಅದು ಯಾರ ಸರ್ಟಿಫಿಕೇಟೂ ಕೇಳದೆ ಹಾಡು ಕಳಿಸುತ್ತದೆ.