ಒಂದು ಕೋಟಿಯ ಹೋರಿ, ಜೋಡಿ ಸಿಗದ ಹೋರಿ

ಇಲ್ಲಿ ಏನಾದರೂ ಬರೆದು ತುಂಬಾ ದಿನ ಆಗಿತ್ತು. ಮೊನ್ನೆ ಮುತ್ತತ್ತಿಗೆ ಹೋಗಿಬಂದೆ. ಅಲ್ಲಿ ತಲೆಗೆ ಹೊಕ್ಕ ಒಂದು ಹುಳ ಇನ್ನೂ ಹೊರಗೆ ಬಂದಿಲ್ಲ. ಬರೆದೇ ಇಳಿಸಿಕೊಳ್ಳೋಣ ಅಂತ ಕೂತಿದ್ದೇನೆ.

ಮುತ್ತತ್ತಿ ಗೊತ್ತಲ್ಲ? ಮಳವಳ್ಳಿ ತಾಲ್ಲೂಕಿನಲ್ಲಿ, ಹಲಗೂರು ದಾಟಿ ಕಾಡಿನೊಳಗೆ ಇಳಿದರೆ ಕಾವೇರಿ ದಂಡೆಯಲ್ಲಿ ಸಿಗುವ ಊರು. ಸೀತಮ್ಮನ ಮೂಗಿನ ಮುತ್ತು ಹೊಳೆಗೆ ಬಿದ್ದಾಗ ಆಂಜನೇಯ ಬಾಲದಿಂದ ನೀರು ಕಲಕಿ ಅದನ್ನು ಎತ್ತಿಕೊಟ್ಟನಂತೆ. ಅದಕ್ಕೇ ಅವನು ಮುತ್ತೆತ್ತಿರಾಯ. ನಮ್ಮ ಕಡೆಯವರು ಅಲ್ಲಿಗೆ ಪರ ಮಾಡೋಕೆ ಹೋಗುತ್ತಾರೆ. ಪೂಜೆ ಆದಮೇಲೆ ಹೊಳೆ ದಂಡೆಯಲ್ಲಿ ಒಲೆ ಹೂಡಿ, ಅಡಿಗೆ ಮಾಡಿ, ಉಂಡು, ಮರದ ನೆರಳಲ್ಲಿ ಒಂದು ನಿದ್ದೆ.

ಆ ನಿದ್ದೆಯ ಹೊತ್ತಿನಲ್ಲೇ ನಮ್ಮ ಸೋದರಮಾವ ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದರು. ಫೋಟೋದಲ್ಲಿ ಒಂದು ಹೋರಿ. ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಮೈ, ಗುಡ್ಡದಂಥ ಹಿಣಿಲು, ಕತ್ತಿಯಂಥ ಕೊಂಬು.

"ನೋಡ್ಲಾ ಮಗ, ಇದು ಹೋರಿ ಅಂದ್ರೆ. ನಮ್ ಮಳವಳ್ಳಿದು! ಗೌರಿ ಬೆದೆಗೆ ಬಂದ್ರೆ ಈ ಸಲ ಇದ್ರ ವಂಶದ್ದೇ ಇಂಜೆಕ್ಷನ್ ಹಾಕ್ಸದು."

"ಮತ್ತೆ ಕೊಟ್ಟಿಗೇಲಿರೋ ಹೋರಿ?"

"ಅದುನ್ನ ಬೀಜ ಒಡ್ಸಿ ಮಾರ್ಬುಡದು. ಹೊಲಕ್ಕೆ ಟ್ರ್ಯಾಕ್ಟರ್ ಬತ್ತದೆ, ಇದುಕ್ಕೆ ಹುಳ್ಳಿ ಬೇಯ್ಸಿ ಹಾಕೋರ್ಯಾರು?"

ಕೊಟ್ಟಿಗೆಯ ಆ ಹೋರಿಯನ್ನು ಎರಡು ವರ್ಷದ ಹಿಂದೆ ಮುಡುಕುತೊರೆ ಜಾತ್ರೆಯಲ್ಲಿ ತಂದದ್ದು. ಜೋಡಿ ಸಿಗದೆ ಒಂಟಿಯಾಗಿ ನಿಂತಿತ್ತು ಅಂತ ಕಮ್ಮಿಗೆ ಬಂತು. ಈಗ ಎರಡು ಹಲ್ಲು. ಕೊಂಬು ಒಂಚೂರು ಏರುಪೇರು, ಬಣ್ಣವೂ ಸ್ವಲ್ಪ ಮಾಸಲು. ಆದರೆ ನಡಿಗೆ ನೋಡಬೇಕು, ನೆಲಕ್ಕೆ ನೋವಾಗದ ಹಾಗೆ ನಡೆಯುತ್ತೆ!

ಮಾವ ತೋರಿಸಿದ ಹೋರಿಯ ಹೆಸರು ಕೃಷ್ಣ. ಬೆಂಗಳೂರಿನ ಜಿಕೆವಿಕೆಯಲ್ಲಿ 2021ರ ನವೆಂಬರ್‌ನಲ್ಲಿ ನಡೆದ ಕೃಷಿ ಮೇಳದ ನಾಯಕ ಇವನೇ. ಮೂರೂವರೆ ವರ್ಷದ ಹಳ್ಳಿಕಾರ್ ಹೋರಿ, ಬೆಲೆ ಒಂದು ಕೋಟಿ ಅಂತ ದೇಶದ ಪತ್ರಿಕೆಗಳೆಲ್ಲ ಬರೆದವು. ಅವನ ವೀರ್ಯದ ಒಂದು ಡೋಸ್‌ಗೆ ಸಾವಿರ ರೂಪಾಯಿ ಅಂತ ಯಜಮಾನರೇ ಹೇಳಿದ್ದರು. ಮಳವಳ್ಳಿಯ ಹೋರಿಯೊಂದು ಇಡೀ ದೇಶದ ಬಾಯಲ್ಲಿ! ನಮ್ಮ ಮಾವನಂಥವರ ಎದೆ ಉಬ್ಬದೆ ಇರುತ್ತಾ?

ನನಗೂ ಖುಷಿಯೇ. ಆದರೆ ಒಂದು ಪ್ರಶ್ನೆ ಕಾಡತೊಡಗಿತು. ಎಲ್ಲರೂ ಒಂದೇ ಹೋರಿಯ ಹಿಂದೆ ಬಿದ್ದರೆ ಒಂದು ತಳಿಗೆ ಏನಾಗುತ್ತೆ? ಊರಿಗೆ ವಾಪಸ್ ಬಂದವನು ಸ್ವಲ್ಪ ಹಳೇ ಕಥೆ ಕೆದಕಿದೆ.

ಮೊದಲು ನಮ್ಮದೇ ಚರಿತ್ರೆ. ಹಳ್ಳಿಕಾರ್ ಹುಟ್ಟಿದ್ದು ಹಾಲಿಗಲ್ಲ, ದುಡಿಮೆಗೆ. ಉದ್ದ ಮುಖ, ಹಣೆಯ ಮಧ್ಯೆ ಒಂದು ಗೆರೆ, ಹತ್ತಿರ ಹತ್ತಿರ ಹುಟ್ಟಿ ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬಾಗುವ ಕೊಂಬು, ಗಟ್ಟಿ ಗೊರಸು. ಹಳೇ ಮೈಸೂರಿನ ಉಳುಮೆ, ಗಾಡಿ, ಆಲೆಮನೆಯ ಕಬ್ಬು, ಎಲ್ಲಾ ನಡೆದದ್ದು ಇವುಗಳ ಹೆಗಲ ಮೇಲೆ. 2000ದಲ್ಲಿ ಅಂಚೆ ಇಲಾಖೆ ನಾಲ್ಕು ದೇಶಿ ದನಗಳ ಅಂಚೆಚೀಟಿ ತಂದಾಗ ಗಿರ್, ಕಾಂಕ್ರೇಜ್, ಕಂಗಾಯಂ ಜೊತೆಗೆ ನಮ್ಮ ಹಳ್ಳಿಕಾರ್ ಕೂಡ ಇತ್ತು.

ಇದರ ಖಾಸಾ ನೆಂಟ ಅಮೃತ ಮಹಲ್. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1672-1704) ಅರಮನೆಯ ದನಗಳ ಇಲಾಖೆಗೆ 'ಬೆಣ್ಣೆ ಚಾವಡಿ' ಅಂತ ಹೆಸರಿತ್ತು. ಎಂಥಾ ಚಂದದ ಹೆಸರು, ಅಲ್ವಾ? ಅದನ್ನು 'ಅಮೃತ ಮಹಲ್' ಮಾಡಿದ್ದು ಟಿಪ್ಪು. ಹೆಸರು ಬೆಣ್ಣೆಯದಾದರೂ ಕೆಲಸ ಫಿರಂಗಿ ಎಳೆಯೋದು. ಹೈದರಾಲಿ ಈ ಎತ್ತುಗಳ ಬಲದಿಂದ ಎರಡೂವರೆ ದಿನದಲ್ಲಿ ನೂರು ಮೈಲಿ ಸೈನ್ಯ ನಡೆಸಿದ ಅಂತ ಬ್ರಿಟಿಷರೇ ಬೆರಗಾಗಿ ಬರೆದಿಟ್ಟಿದ್ದಾರೆ.

ಇದರಲ್ಲಿ ನಾನು ಗಮನಿಸಿದ್ದು ಬೇರೆಯೇ ಒಂದು ವಿಷಯ. ಅಮೃತ ಮಹಲ್ ಒಂದು ಹೋರಿಯಿಂದ ಆದ ತಳಿ ಅಲ್ಲ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಅಂತ ಮೂರು ಬಗೆಯ ದನ ಅದರಲ್ಲಿ ಸೇರಿದ್ದವು. ಒಂದೊಂದು ಹಿಂಡು ಒಂದೊಂದು ಕಾವಲಿನಲ್ಲಿ ಮೇಯುತ್ತಿತ್ತು. ಒಂದು ಕಡೆ ರೋಗವೋ ಬರವೋ ಬಂದರೂ ಇನ್ನೊಂದು ಕಡೆ ಬೀಜ ಉಳಿದಿರುತ್ತಿತ್ತು.

ಇಷ್ಟಾದರೂ ಅದು ಮುರಿದುಬಿದ್ದ ಕಥೆಯೂ ಇದೆ. ಟಿಪ್ಪು ಬಿದ್ದ ಮೇಲೆ ಸೊರಗಿತು. 1813ರಲ್ಲಿ ಸೈನ್ಯದ ಅಧಿಕಾರಿಯೊಬ್ಬನಿಗೆ ವಹಿಸಿದ ಮೇಲೆ ಚೇತರಿಸಿಕೊಂಡಿತು. 1860ರಲ್ಲಿ, ಖರ್ಚು ಜಾಸ್ತಿ ಅಂತ, ಹಿಂಡುಗಳನ್ನೇ ಮಾರಿಹಾಕಿದರು. ಆರೇ ವರ್ಷ... ಸೈನ್ಯಕ್ಕೆ ಒಳ್ಳೆ ಎತ್ತು ಸಿಗದೆ 1866ರಲ್ಲಿ ಮತ್ತೆ ಹಿಂಡು ಕಟ್ಟೋಕೆ ಹೊರಟರು. ಮಾರುವುದು ಒಂದು ಸಹಿಯ ಕೆಲಸ. ಕಟ್ಟುವುದು ಹಾಗಲ್ಲ ನೋಡಿ.

ರಾಜರದು ಹಾಗಾಯಿತು. ಹಳ್ಳಿಗಳಲ್ಲಿ? ಹಳ್ಳಿಗಳಲ್ಲಿ ಊರ ಬಸವ ಇದ್ದ. ದೇವರ ಹೆಸರಲ್ಲಿ ಬಿಟ್ಟ ಹೋರಿ. ಯಾರ ಹೊಲದಲ್ಲಿ ಮೇಯ್ದರೂ ಹೊಡೆಯುವ ಹಾಗಿಲ್ಲ. ಅವನಿಗೆ ಎಷ್ಟೇ ಹೆಸರಿದ್ದರೂ ಅವನ ರಾಜ್ಯ ನಡೆದು ಹೋಗುವಷ್ಟು ದೂರ ಮಾತ್ರ. ವರ್ಷಕ್ಕೆ ಐವತ್ತೋ ಅರವತ್ತೋ ಹಸು. ಆಚೆ ಊರಿಗೆ ಆಚೆ ಊರಿನ ಬಸವ. ಯಾರೂ ಯೋಜನೆ ಹಾಕಲಿಲ್ಲ, ಆದರೆ ನೂರಾರು ಊರಲ್ಲಿ ನೂರಾರು ಅಪ್ಪಂದಿರು ಉಳಿದರು.

ಈ ಗಡಿ ಒಡೆದದ್ದು ಎಲ್ಲಿ ಗೊತ್ತಾ? ನಮ್ಮ ಮೈಸೂರಿನಲ್ಲೇ! 1939ರಲ್ಲಿ ಅರಮನೆಯ ಡೇರಿ ಫಾರಂನಲ್ಲಿ ಸಂಪತ್ ಕುಮಾರನ್ ಅನ್ನುವವರು ಕೃತಕ ಗರ್ಭಧಾರಣೆ ಮಾಡಿದರು. ಭಾರತದಲ್ಲಿ ಇದೇ ಮೊದಲು ಅಂತ ದಾಖಲೆ. ಹೋರಿ ಹೋಲ್‌ಸ್ಟೀನ್ ಫ್ರೀಸಿಯನ್, ಹಸುಗಳು ಹಳ್ಳಿಕಾರ್. 33 ಹಸು ಗಬ್ಬ ನಿಂತವು. ಅಂದರೆ ನಮ್ಮ ದೇಶದ ಈ ಕಥೆಯಲ್ಲಿ ಮೊದಲ ತಾಯಂದಿರು ಹಳ್ಳಿಕಾರ್ ಹಸುಗಳೇ!

ಆಮೇಲೆ ವೀರ್ಯವನ್ನು ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ, ವರ್ಷಗಟ್ಟಲೆ ಇಡುವುದು ಬಂತು. ಈಗ ಒಂದು ಹೋರಿಯಿಂದ ವರ್ಷಕ್ಕೆ ಸಾವಿರಾರು ಡೋಸ್. ಅದು ನಡೆಯಬೇಕಿಲ್ಲ, ಬದುಕಿರಲೂ ಬೇಕಿಲ್ಲ. ಹಾಲಿನ ಆಸೆಗೆ ಜರ್ಸಿ, ಎಚ್ಚೆಫ್ ಬಂದವು, ಉಳುಮೆಗೆ ಟ್ರ್ಯಾಕ್ಟರ್ ಬಂತು, ಊರ ಬಸವ ಒಂದೊಂದೇ ಊರಿನಿಂದ ಮಾಯವಾದ.

ಒಂದೇ ಪ್ರಾಣಿ ಇಡೀ ತಳಿಯನ್ನು ತಿದ್ದಿಬಿಡುತ್ತಾ ಅಂತ ನಿಮಗೆ ಅನುಮಾನ ಇದ್ದರೆ ನಾಯಿಗಳ ಕಥೆ ಕೇಳಿ. ನಾಯಿ ಸಾಕುವವರು ಪ್ರತಿಯೊಂದರ ವಂಶಾವಳಿ ಬರೆದಿಟ್ಟಿರುವುದರಿಂದ ಅಲ್ಲಿ ಇದು ಕನ್ನಡಿಯಲ್ಲಿ ಕಂಡ ಹಾಗೆ ಕಾಣುತ್ತೆ.

ನಮ್ಮ ಪೊಲೀಸರ ಹತ್ತಿರ ಇರುವ ಜರ್ಮನ್ ಶೆಫರ್ಡ್ ಗೊತ್ತಲ್ಲ? 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಅನ್ನುವ ಜರ್ಮನ್ ಸೇನಾಧಿಕಾರಿ ಒಂದು ಪ್ರದರ್ಶನದಲ್ಲಿ ಕುರಿ ಕಾಯುವ ನಾಯಿಯೊಂದನ್ನು ನೋಡಿ ಮರುಳಾಗಿ ಕೊಂಡುಕೊಂಡ. ಹೊರಾಂಡ್ ಅಂತ ಹೆಸರಿಟ್ಟ, ಸಂಘ ಕಟ್ಟಿ ಅದನ್ನೇ ಒಂದನೇ ನಂಬರ್ ನಾಯಿ ಅಂತ ದಾಖಲಿಸಿದ. ಅದನ್ನೂ ಅದರ ಮಕ್ಕಳನ್ನೂ ಮತ್ತೆ ಮತ್ತೆ ಕೂಡಿಸಿ ತಳಿ ಕಟ್ಟಿದರು. ಇವತ್ತಿನ ಜರ್ಮನ್ ಶೆಫರ್ಡ್‌ಗಳ ವಂಶ ಹಿಡಿದು ಹೊರಟರೆ ಸಿಗುವುದು ಅದೇ ಹೊರಾಂಡ್.

ಇನ್ನೂ ಸ್ವಾರಸ್ಯ ಮುಂದಿದೆ. 1920ರ ದಶಕಕ್ಕೆ ಈ ನಾಯಿಗಳು ತೀರಾ ಎತ್ತರ ಆಗುತ್ತಿವೆ, ಸ್ವಭಾವ ಕೆಡುತ್ತಿದೆ ಅಂತ ಸ್ಟೆಫಾನಿಟ್ಸ್‌ಗೆ ಚಿಂತೆ ಹತ್ತಿತು. 1925ರ ದೊಡ್ಡ ಪ್ರದರ್ಶನದಲ್ಲಿ ಕ್ಲೋಡೋ ಅನ್ನುವ ನಾಯಿಗೆ ಪಟ್ಟ ಕಟ್ಟಿದರು. ಅದು ಮೊದಲಿನವಕ್ಕಿಂತ ಗಿಡ್ಡ, ಮೈ ಉದ್ದ. ಪಟ್ಟ ಸಿಕ್ಕಿದ್ದೇ ತಡ, ಎಲ್ಲರೂ ತಮ್ಮ ಹೆಣ್ಣುನಾಯಿಗಳನ್ನು ಕರೆದುಕೊಂಡು ಅದರ ಮನೆ ಬಾಗಿಲಿಗೆ! ಕೆಲವೇ ವರ್ಷದಲ್ಲಿ ತಳಿಯ ಆಕಾರವೇ ಬದಲಾಯಿತು. ಕ್ಲೋಡೋ ಮುಂದೆ ಅಮೆರಿಕಕ್ಕೂ ಹೋಯಿತು, ಅಲ್ಲೂ ಮಕ್ಕಳಾದವು.

ಇಲ್ಲಿ ಬದಲಾದದ್ದು ರಕ್ತ ಮಾತ್ರ ಅಲ್ಲ, ನೋಡುವವರ ಕಣ್ಣು ಕೂಡ. ಗೆದ್ದ ನಾಯಿ ಹೇಗಿದೆಯೋ ಅದೇ 'ಚೆಂದ' ಆಗಿಬಿಡುತ್ತೆ. ಹಾಗಿಲ್ಲದ್ದು, ಎಷ್ಟೇ ಗಟ್ಟಿಮುಟ್ಟಾಗಿರಲಿ, ಮೂಲೆ ಸೇರುತ್ತೆ. ನಮ್ಮ ಮಾವನ ಮೊಬೈಲಿನಲ್ಲಿರುವ ಫೋಟೋ ಮಾಡುತ್ತಿರುವುದೂ ಇದೇ ಅಲ್ವೇ?

ಇನ್ನು ರಕ್ತದ ವಿಷಯ. ಅಮೆರಿಕದಲ್ಲಿ 1962ರಲ್ಲಿ 'ಚೀಫ್' ಅನ್ನುವ ಹೋಲ್‌ಸ್ಟೀನ್ ಹೋರಿ ಹುಟ್ಟಿತು. ಅದಕ್ಕೆ 16,000 ಹೆಣ್ಣುಮಕ್ಕಳು, 5 ಲಕ್ಷ ಮೊಮ್ಮಕ್ಕಳು, 20 ಲಕ್ಷಕ್ಕೂ ಹೆಚ್ಚು ಮರಿಮಕ್ಕಳು ಅಂತ ಲೆಕ್ಕ. ಕೌರವರು ಏನೂ ಅಲ್ಲ ಬಿಡಿ :) ಇದರ ವಂಶದ ಹಾಲಿನಿಂದ ಬಂದ ಲಾಭ ಸಾವಿರಾರು ಕೋಟಿ ಡಾಲರ್‌ಗಳ ಲೆಕ್ಕದಲ್ಲಿದೆ. ಆದರೆ ಅದರ ವಂಶವಾಹಿಯಲ್ಲಿ ಒಂದು ದೋಷ ಅಡಗಿತ್ತು. ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಆ ದೋಷ ಬಂದರೆ ಕರು ಗರ್ಭದಲ್ಲೇ ಸಾಯುತ್ತೆ. ಹಸು ಕಂದು ಹಾಕುತ್ತೆ, ಯಾಕೆ ಅಂತ ಯಾರಿಗೂ ತಿಳಿಯದು. ದೋಷ ಎಲ್ಲಿದೆ ಅಂತ ವಿಜ್ಞಾನಿಗಳು ಖಚಿತವಾಗಿ ಹಿಡಿದದ್ದು 2016ರಲ್ಲಿ. ಅಷ್ಟರಲ್ಲಿ ಪ್ರಪಂಚದಾದ್ಯಂತ 5 ಲಕ್ಷಕ್ಕೂ ಹೆಚ್ಚು ಕರುಗಳು ಹಾಗೆ ಹೋಗಿದ್ದವು ಅಂತ ಅಂದಾಜು.

ಚೀಫ್ ಕೆಟ್ಟ ಹೋರಿ ಅಂತ ಇದರರ್ಥ ಅಲ್ಲ. ಇಂಥ ಅಡಗಿದ ದೋಷ ಪ್ರತಿ ಪ್ರಾಣಿಯಲ್ಲೂ ಒಂದೆರಡು ಇರುತ್ತೆ, ನಮ್ಮ ನಿಮ್ಮಲ್ಲೂ. ಊರ ಬಸವನಲ್ಲಿದ್ದರೆ ಆ ಊರಿಗೆ ಮುಗಿಯಿತು. ಎಲ್ಲ ಊರಿಗೂ ಒಬ್ಬನೇ ಅಪ್ಪ ಆದರೆ ಎಲ್ಲ ಊರಿಗೂ ಹಂಚಿಕೆಯಾಗುತ್ತೆ. ಅವರಾದರೂ ಪ್ರತಿ ಹಸುವಿನ ಲೆಕ್ಕ ಬರೆದಿಟ್ಟಿದ್ದರಿಂದ ಹಿಡಿಯಲು ಸಾಧ್ಯವಾಯಿತು. ನಮ್ಮ ಕೊಟ್ಟಿಗೆಗಳಲ್ಲಿ ಸುಳಿ ನೋಡುತ್ತೇವೆ, ಹಲ್ಲು ಎಣಿಸುತ್ತೇವೆ, ಅಪ್ಪ ಯಾರು ಅಂತ ಪುಸ್ತಕದಲ್ಲಿ ಬರೆದಿಡುವ ರೂಢಿ ಇಲ್ಲ.

ಇದನ್ನೆಲ್ಲ ಮಾವನಿಗೆ ಹೇಗೆ ಹೇಳೋದು? ಭಾನುವಾರ ಫೋನ್ ಮಾಡಿದೆ. ವಂಶವಾಹಿ, ದೋಷ ಅಂತ ಶುರು ಮಾಡಿದರೆ "ಊ... ಊ..." ಅಂತಿದ್ದರು. ಕೊನೆಗೆ ಕೇಳಿದೆ, "ಮಾವ, ನಿಮ್ ಕುಲದೋರ ಮನೇಲಿ ನೀವು ಹೆಣ್ಣು ತತ್ತೀರಾ?"

"ಥೂ, ಅವ್ರು ಅಣ್ತಮ್ಮಂದ್ರು ಆಗ್ಬೇಕು ಕಣ್ಲಾ. ತರಕ್ಕಾದದಾ?"

"ಊರಿನ ಹಸಕ್ಕೆಲ್ಲಾ ಒಂದೇ ಹೋರಿ ಇಂಜೆಕ್ಷನ್ ಹಾಕ್ಸುದ್ರೆ, ಇನ್ನು ಐದಾರು ವರ್ಷಕ್ಕೆ ಊರಿನ ದನವೆಲ್ಲಾ ಒಂದೇ ಕುಲ. ಆಗ ಹೆಣ್ಣು ಎಲ್ಲಿಂದ ತರೋದು?"

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದು ಸರಿ ಕಣ್ ಮಗ. ಆದ್ರೆ ಹುಳ್ಳಿ ರೇಟು ಎಷ್ಟು ಗೊತ್ತಾ ನಿಂಗೆ?" ಅಂದರು.

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಡೀ ವಿಷಯದ ಗಂಟು ಇರೋದು ಅಲ್ಲೇ. ಹೆಸರಾಂತ ಹೋರಿ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುತ್ತೆ. ಕೃಷ್ಣನಂಥ ಹೋರಿ ಬಂದಿದ್ದರಿಂದಲೇ ಎಷ್ಟೋ ಹುಡುಗರು ಹಳ್ಳಿಕಾರ್ ಕಡೆ ತಿರುಗಿ ನೋಡಿದರು, ಅದನ್ನು ಮರೆಯಬಾರದು. ಆದರೆ ತಳಿಯನ್ನು ಉಳಿಸುವುದು ಹೆಸರಿಲ್ಲದ, ಕೊಂಬು ಏರುಪೇರಾದ ನೂರು ಹೋರಿಗಳು. ಅವುಗಳಿಗೆ ಹಿಂದೆ ಊರೇ ಮೇವು ಹಾಕುತ್ತಿತ್ತು, ದೇವರ ಹೆಸರಲ್ಲಿ. ಈಗ ಆ ಬಿಲ್ಲು ಒಬ್ಬ ರೈತನ ತಲೆ ಮೇಲೆ ಬಂದು ಕೂತಿದೆ. ಬೆಣ್ಣೆ ಚಾವಡಿಯೂ ಇಲ್ಲ, ಊರ ಬಸವನೂ ಇಲ್ಲ.

ಸದ್ಯಕ್ಕೆ ಆಗಿರುವ ತೀರ್ಮಾನ ಇಷ್ಟು. ಯುಗಾದಿವರೆಗೆ ಹೋರಿಯನ್ನು ಹಾಗೇ ಇಟ್ಟುಕೊಳ್ಳುವುದು. ಹುರುಳಿಯ ಅರ್ಧ ದುಡ್ಡು ನನ್ನದು. ಅಕ್ಕಪಕ್ಕದ ನಾಲ್ಕು ಮನೆಯವರು ತಮ್ಮ ಹಸುಗಳನ್ನು ಅದಕ್ಕೆ ಬಿಡಿಸಿದರೆ ಮುಂದಕ್ಕೂ ಇರುತ್ತೆ. ಗೌರಿಗೆ? ಗೌರಿಗೆ ಇಂಜೆಕ್ಷನ್ನೇ ಅಂತೆ. ಮಾವನ ಆಸೆ, ನಾನು ಬೇಡ ಅನ್ನಲಿಲ್ಲ. ಹುಟ್ಟುವ ಕರುವಿನ ಅಪ್ಪನ ಹೆಸರು ಬರೆದಿಡೋಕೆ ಅಂತ ಒಂದು ನೋಟ್‌ಬುಕ್ ಮಾತ್ರ ತೆಗೆದುಕೊಂಡು ಹೋಗುತ್ತೇನೆ.

ಅಂದಹಾಗೆ, ನಿಮ್ಮೂರಿನಲ್ಲಿ ಕೊನೆಯ ಬೀಜದ ಹೋರಿ ಯಾರ ಮನೆಯದು, ಯಾವ ವರ್ಷದವರೆಗೆ ಇತ್ತು? ಅಜ್ಜ ಅಜ್ಜಿಯರನ್ನು ಕೇಳಿ, ನೆನಪಿದ್ದರೆ ಬರೆಯಿರಿ. ಅದೂ ಚರಿತ್ರೆಯೇ, ಅವರು ಹೋದಮೇಲೆ ಹೇಳೋರು ಯಾರೂ ಇರೋದಿಲ್ಲ.