ದುರ್ಗದ ಗೋಡೆ, ಸಾರಲೇಖದ ಶೀರ್ಷಿಕೆ

ಪಿಎಚ್.ಡಿ. ನೋಂದಣಿಗೆ ಸಲ್ಲಿಸುವ ಸಾರಲೇಖಗಳಲ್ಲಿ ಒಂದು ಬಗೆಯ ಶೀರ್ಷಿಕೆ ಮತ್ತೆ ಮತ್ತೆ ಕಾಣಿಸುತ್ತದೆ: ಇಂಥ ಊರಿನ ಇತಿಹಾಸ, ಕೊನೆಯಲ್ಲಿ 'ಒಂದು ಅಧ್ಯಯನ'. ಈ ಎರಡು ಪದಗಳು ಊರಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಬರೆದವರಿಗೆ ವಿಶ್ವವಿದ್ಯಾಲಯದ ಭಾಷೆ ಗೊತ್ತಿದೆ ಎಂದು ಸಮಿತಿಗೆ ತಿಳಿಸುವುದಷ್ಟೇ ಅವುಗಳ ಕೆಲಸ. ಚಿಹ್ನೆಯೊಂದು ತನ್ನ ಮೊದಲ ಅರ್ಥವನ್ನು ಬರಿದು ಮಾಡಿಕೊಂಡು ಬೇರೊಂದು ಅರ್ಥವನ್ನು ಹೊರುವ ಈ ಬಗೆಯನ್ನು ರೊಲಾಂ ಬಾರ್ತ್ 1957ರಲ್ಲೇ 'ಮಿಥಾಲಜೀಸ್' ಕೃತಿಯಲ್ಲಿ ವಿವರಿಸಿದ್ದ.

ಹುಲಿಯೂರುದುರ್ಗವನ್ನೇ ತೆಗೆದುಕೊಳ್ಳಿ. ಕುಣಿಗಲ್–ಮದ್ದೂರು ರಸ್ತೆಯಲ್ಲಿ ಸಿಗುವ ಈ ಊರಿನ ಬೆಟ್ಟದ ಮೇಲೆ ಕೋಟೆಯ ಅವಶೇಷಗಳಿವೆ. ಕಟ್ಟಿಸಿದವರು ಯಾರೆಂದು ಕೇಳಿದರೆ ಉತ್ತರ ಸಿದ್ಧವಾಗಿದೆ: ಕೆಂಪೇಗೌಡರು. ಇದೇ ಸಾರಲೇಖದ ಮೊದಲ ವಾಕ್ಯವಾದರೆ ಮುಂದೆ ಹುಡುಕಲು ಉಳಿಯುವುದೇನು?

ಅಮೆರಿಕದ ಚಾರ್ಲ್ಸ್ ಪರ್ಸ್ ಚಿಹ್ನೆಗಳನ್ನು ಮೂರಾಗಿ ವಿಂಗಡಿಸಿದ. ಹೋಲಿಕೆಯಿಂದ ಸೂಚಿಸುವುದು ಪ್ರತಿರೂಪ. ಹೊಗೆ ಬೆಂಕಿಯನ್ನು ತೋರಿಸುವಂತೆ ನೇರ ಸಂಬಂಧದಿಂದ ಸೂಚಿಸುವುದು ಕುರುಹು. ರೂಢಿಯಿಂದ ಸೂಚಿಸುವುದು ಸಂಕೇತ. (ಹೊಗೆ–ಬೆಂಕಿ ನಮ್ಮ ನ್ಯಾಯಶಾಸ್ತ್ರದವರಿಗೂ ಹಳೆಯ ಉದಾಹರಣೆ.) ಹಾಗೆ ನೋಡಿದರೆ ಬೆಟ್ಟದ ಗೋಡೆ ಕುರುಹು. ಕಲ್ಲಿನ ಜೋಡಣೆ, ಗಾರೆ, ತೇಪೆ ಇವೆಲ್ಲ ಕಟ್ಟಿದ ಮತ್ತು ದುರಸ್ತಿ ಮಾಡಿದ ಕೈಗಳನ್ನು ತೋರಿಸುತ್ತವೆ. 'ಕೆಂಪೇಗೌಡರ ಕೋಟೆ' ಎಂಬ ಮಾತು ಸಂಕೇತ. ಅದು ನಿಜವೇ ಇರಬಹುದು, ಆದರೆ ಆ ಮಾತನ್ನು ಹೇಳುತ್ತಿರುವುದು ಗೋಡೆಯಲ್ಲ, ಜನ.

ಎರಡರ ನಡುವಿನ ಕಾಲವೂ ಚಿಕ್ಕದಲ್ಲ. ಮಾಗಡಿ ಗೌಡರ ಆಳ್ವಿಕೆ 1728ರಲ್ಲಿ ಮೈಸೂರಿನವರ ಕೈಯಲ್ಲಿ ಕೊನೆಗೊಂಡಿತು. 1791ರಲ್ಲಿ ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಹಿಂದಿರುಗುತ್ತಿದ್ದ ಕಾರ್ನ್‌ವಾಲಿಸ್‌ನ ಸೇನೆಗೆ ಈ ದುರ್ಗ ವಶವಾದಾಗ ಅದು ಟಿಪ್ಪುವಿನ ಕೋಟೆ. ಆ ಯುದ್ಧದ ಇಂಗ್ಲಿಷ್ ಬರಹಗಳಲ್ಲಿ ಊರಿನ ಹೆಸರು 'ಹೂಲಿಯಾರ್‌ಡ್ರೂಗ್' ಎಂಬಂತೆ ತಿರುಚಿಕೊಂಡಿದೆ; ಇಂದಿನ ಕಾಗುಣಿತ ಹಿಡಿದು ಹುಡುಕಿದರೆ ದಾಖಲೆಯೇ ಇಲ್ಲ ಅನ್ನಿಸೀತು. ಎಷ್ಟೋ 'ಸಂಶೋಧನಾ ಅಂತರ'ಗಳು ಹುಟ್ಟುವುದು ಹೀಗೇ ಎಂಬುದು ನನ್ನ ಗುಮಾನಿ.

ಈಗ ಶೀರ್ಷಿಕೆ ಬದಲಾಗುತ್ತದೆ: ಈ ಕೋಟೆ ಜನರ ಬಾಯಲ್ಲಿ ಕೆಂಪೇಗೌಡರದಾದದ್ದು ಯಾವಾಗಿನಿಂದ, ಯಾರ ಮೂಲಕ? 'ಆಕರಗಳು' ಎಂಬ ಭಾಗಕ್ಕೂ ಜೀವ ಬರುತ್ತದೆ. 1904ರ ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟ, ಸೈನಿಕರ ದಿನಚರಿಗಳು, ಗೆಜೆಟಿಯರ್‌ಗಳು, ಪಠ್ಯಪುಸ್ತಕಗಳು, ಊರಿನ ಹಿರಿಯರ ಕಥೆಗಳು, ಪ್ರತಿಯೊಂದನ್ನೂ ಏಕೆ ಓದಬೇಕೆಂದು ಹೇಳಬಹುದು. ಗೋಡೆಯನ್ನು ಕಟ್ಟಿದವರ ಪ್ರಶ್ನೆ ಬೇರೆಯೇ. ಅದಕ್ಕೆ ಪುರಾತತ್ತ್ವ ಬಲ್ಲವರೊಂದಿಗೆ ಬೆಟ್ಟ ಹತ್ತಬೇಕು. ಎರಡನ್ನೂ ಒಂದೇ ಸಾರಲೇಖಕ್ಕೆ ತುರುಕಿದರೆ ಮೂರು ವರ್ಷ ಸಾಲದು.